ಹನ್ನೊಂದನೇ ತುಂಡಿನ ಕಳೆ

ಒಂದು ಹುಲ್ಲುಗಾವಲು ಬದುಕಿರುವ ಸದ್ದು ನಮಗೆ ಕೇಳಿಸುವಂತಿದ್ದರೆ ಹೇಗಿರುತ್ತದೆ?

ಗಾಳಿಯ ಸದ್ದಲ್ಲ, ಹಕ್ಕಿಯ ಸದ್ದೂ ಅಲ್ಲ. ಅವು ಯಾರಿಗಾದರೂ ಕೇಳುತ್ತವೆ. ನಾನು ಹೇಳುತ್ತಿರುವುದು ನೆಲದೊಳಗೆ ಬೇರು ನೀರೆಳೆದುಕೊಳ್ಳುವ ಸದ್ದು, ಗೆದ್ದಲು ಒಣಕಡ್ಡಿ ಕಡಿಯುವ ಸದ್ದು, ಎರೆಹುಳು ಮಣ್ಣು ತಳ್ಳಿಕೊಂಡು ಹೋಗುವ ಸದ್ದು, ಎಲೆ ಮೇಯುತ್ತಿದ್ದ ಮಿಡತೆಯನ್ನು ಜೇಡ ಹಿಡಿದ ಆ ಒಂದು ಕ್ಷಣದ ಸದ್ದು. ಎರೆಗುಂಟೆ ಕಾವಲಿನಲ್ಲಿ ನಮಗೆ ಅದೆಲ್ಲ ಕೇಳಿಸುತ್ತಿತ್ತು. ದಿನವೂ ಕೇಳಿಸುತ್ತಿತ್ತು. ಆದರೂ ನಾನು ಒಂದು ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಈ ಕಥೆ ಅದರದ್ದೇ.

ಕಾವಲು ಇರುವುದು ಚಳ್ಳಕೆರೆಯಿಂದಾಚೆ, ಮೂರು ಸಾವಿರ ಎಕರೆ. ಹೊರಗಿನವರು ನೋಡಿದರೆ "ಏನೂ ಇಲ್ವಲ್ಲ ಇಲ್ಲಿ" ಅನ್ನುತ್ತಾರೆ. ನಾನೂ ದಾವಣಗೆರೆಯಿಂದ ಬಂದ ಮೊದಲ ದಿನ ಅದನ್ನೇ ಅಂದಿದ್ದೆ. ಅದರ ಒಂದು ಮೂಲೆಯಲ್ಲಿ ನಮ್ಮ ಸಂಶೋಧನಾ ಕೇಂದ್ರ, ಕೇಂದ್ರದ ಮುಂದೆ ಹನ್ನೆರಡು ತುಂಡು ನೆಲ, ಒಂದೊಂದು ತುಂಡು ಒಂದೊಂದು ಎಕರೆ. ಒಂದನೇ ತುಂಡಿನಲ್ಲಿ ಒಂದೇ ಹುಲ್ಲು. ಅದು ಏಕಸಿರಿ, ಪ್ರಯೋಗಾಲಯದಲ್ಲಿ ಹುಟ್ಟಿಸಿದ ತಳಿ, ಎದೆಯೆತ್ತರ ಬೆಳೆಯುತ್ತದೆ. ಎರಡನೆಯದರಲ್ಲಿ ಎರಡು ಬಗೆ, ಮೂರನೆಯದರಲ್ಲಿ ನಾಲ್ಕು, ಹೀಗೆ ಏರುತ್ತಾ ಹೋಗಿ ಹನ್ನೊಂದನೇ ತುಂಡಿನಲ್ಲಿ ಅರವತ್ತು ಬಗೆಯ ಗಿಡ. ಅಂದರೆ ಹಳೇ ಕಾವಲು ಹೇಗಿತ್ತೋ ಹಾಗೆಯೇ ಬಿಟ್ಟದ್ದು: ಗರಿಕೆ, ತುಂಬೆ, ಉತ್ತರಾಣಿ, ನೆಗ್ಗಿಲು, ಅಣ್ಣೆಸೊಪ್ಪು, ಕಾಡುಹೆಸರು, ವಿಷ್ಣುಕ್ರಾಂತಿ... ಹನ್ನೆರಡನೆಯದು ಬರೀ ಮಣ್ಣು, ಹೋಲಿಸಿ ನೋಡುವುದಕ್ಕೆ.

ಪ್ರತಿ ತುಂಡಿಗೂ ನೂರು ಕಿವಿಮೊಳೆ. ಮೊಳದುದ್ದದ ಉಕ್ಕಿನ ಕಡ್ಡಿ, ತುದಿಯಲ್ಲಿ ಸಾಸಿವೆಯಷ್ಟು ಕಿವಿ, ತಲೆಯಲ್ಲಿ ಒಂದು ಹಸಿರು ದೀಪ, ಒಂದು ಪುಟ್ಟ ಸ್ಪೀಕರ್. ಅವು ಕೇಳಿದ್ದನ್ನೆಲ್ಲ ಆಲಿಕೆ ಎಂಬ ಯಂತ್ರ ಬೇರ್ಪಡಿಸುತ್ತದೆ. ಗಿಡ ತಿನ್ನುವವರಿಗೆ ಒಂದು ಸ್ವರ, ಅವರನ್ನು ತಿನ್ನುವವರಿಗೆ ಮೇಲಿನ ಸ್ವರ, ಸತ್ತದ್ದನ್ನು ಮಣ್ಣು ಮಾಡುವವರಿಗೆ ಕೆಳಗಿನ ಸ್ವರ. ಅಷ್ಟನ್ನೂ ಕೂಡಿಸಿ ಕಿವಿಗೆ ಹಾಕಿಕೊಂಡರೆ ಆ ತುಂಡಿನಲ್ಲಿ ಯಾರು ಯಾರನ್ನು ತಿಂದು ಬದುಕುತ್ತಿದ್ದಾರೆ ಎಂಬುದು ಹಾಡಿನ ಹಾಗೆ ಕೇಳುತ್ತದೆ. ಹಾಡು ತುಂಬಿದ್ದರೆ ನೆಲ ಗಟ್ಟಿ ಇದೆ ಎಂದು ಅರ್ಥ. ಯಾವುದಾದರೂ ಸ್ವರ ಬಿಟ್ಟುಹೋಗಿದ್ದರೆ ಮುಂದೆ ಏನೋ ಕಾದಿದೆ ಎಂದು ಅರ್ಥ.

ಯಂತ್ರದ ಕೋಣೆಯ ಮೇಲೆ 'ನಿಯಂತ್ರಣ ಕೊಠಡಿ' ಎಂದು ಬೋರ್ಡಿತ್ತು. ನಾವೆಲ್ಲ ಕರೆಯುತ್ತಿದ್ದುದು ಕೇಳುಮನೆ ಎಂದು. ಆ ಹೆಸರಿಟ್ಟವಳು ಬೀರಜ್ಜಿ.

ಬೀರಜ್ಜಿ, ಅಂದರೆ ಬೀರಮ್ಮ, ಕಾವಲಿನ ಪಕ್ಕದ ಹಟ್ಟಿಯ ಕುರಿಗಾಹಿ. ಎಪ್ಪತ್ತು ದಾಟಿತ್ತು. ಕಣ್ಣಿನ ನರ ಒಣಗುತ್ತಾ ಬಂದಿತ್ತು. ದಾವಣಗೆರೆ ಡಾಕ್ಟರು "ಇನ್ನೊಂದು ವರ್ಷ ಬೆಳಕು ಕಾಣ್ಬೋದು" ಅಂದಿದ್ದರಂತೆ. ಅದಕ್ಕೆ ಎರಡು ವರ್ಷ ಮೊದಲು, ನಮ್ಮ ತುಂಡುಗಳ ಬೇಲಿಯ ವಿಷಯಕ್ಕೆ ಜಗಳ ಆಡಲು ಬಂದಿದ್ದಳು. ಸಮಾಧಾನ ಮಾಡೋಣವೆಂದು ನಾನು ಕುರ್ಚಿ ಕೊಟ್ಟು, ಕಿವಿಗೆ ಒಂದನೇ ತುಂಡಿನ ಸದ್ದು ಹಾಕಿದೆ.

"ಇದೇನವ್ವ, ಒಬ್ಬನೇ ಮೂಲ್ಯಾಗ್ ಕೂತು ಗೊಣಗ್ದಂಗೈತೆ" ಅಂದಳು.

ಹನ್ನೊಂದನೆಯದು ಹಾಕಿದೆ. ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು.

"ಇದು ಸಂತೆ! ಹಿರಿಯೂರ್ ಸಂತೆ!" ಎಂದು ನಕ್ಕಳು. ಆಮೇಲೆ ತಲೆ ಒಂದು ಕಡೆಗೆ ವಾಲಿಸಿ, "ಆದ್ರೆ ಕೆಳ್ಗಡೆ ಮೂಲ್ಯಾಗೆ ಕಣಜದ ದನಿ ಇಲ್ಲ. ಯಾಕೆ?"

ಹೋಗಿ ನೋಡಿದರೆ ಆ ಮೂಲೆಯಲ್ಲಿ ನಮ್ಮ ಗಾಡಿ ನಿಲ್ಲಿಸಿ ನಿಲ್ಲಿಸಿ ತುಂಬೆಗಿಡವೆಲ್ಲ ಸತ್ತಿತ್ತು. ಆಲಿಕೆಗೆ ಗೊತ್ತಾಗದೆ ಇದ್ದದ್ದು ಅಜ್ಜಿಗೆ ಗೊತ್ತಾಗಿತ್ತು. ಮಾರನೇ ದಿನವೇ ನಮ್ಮ ಮುಖ್ಯಸ್ಥರಾದ ಓಂಕಾರಯ್ಯ ಸರ್ ಅಜ್ಜಿಯನ್ನು ಕೇಂದ್ರದ ಕೇಳುಗಿಯನ್ನಾಗಿ ನೇಮಿಸಿದರು. ಅಲ್ಲಿಂದ ದಿನಾ ಬೆಳಗ್ಗೆ ಏಳಕ್ಕೆ ಅಜ್ಜಿ ಬಂದು, ಹನ್ನೆರಡು ತುಂಡನ್ನೂ ಕೇಳಿ, ಒಂದೊಂದರ ಬಗ್ಗೆ ಒಂದೊಂದು ಮಾತು ಹೇಳುವುದು, ಆಲಿಕೆ ಅದನ್ನು ಬರೆದುಕೊಳ್ಳುವುದು. ನನ್ನ ಕೆಲಸ ಆಲಿಕೆಗೆ ಅಜ್ಜಿಯ ಕನ್ನಡ ಕಲಿಸುವುದು.

ಎರಡು ಸಾವಿರ ಪದಗಳ ನಿಘಂಟು ಮಾಡಿದೆ. ಎಷ್ಟು ಬೇಗ ಮಾಡಿದೆ ಅಂತೀರಿ, ಮೂರೇ ವಾರ! ಮಾತಾಡಿದಷ್ಟೇ ವೇಗವಾಗಿ ಟೈಪ್ ಮಾಡುತ್ತೇನೆ ಎಂದು ನನಗೆ ಸ್ವಲ್ಪ ಜಂಬವೂ ಇತ್ತು.

ಜುಲೈ ತಿಂಗಳಲ್ಲಿ ಇನ್ನೊಂದು ಜಾಣತನ ಮಾಡಿದೆ. ನಮ್ಮಲ್ಲಿ ಏಡಿಗಳಿದ್ದವು. ನಿಜವಾದ ಏಡಿಯಲ್ಲ, ಏಡಿಯ ಹಾಗೆ ಅಡ್ಡಡ್ಡ ನಡೆಯುವ ಅಂಗೈಯಗಲದ ಯಂತ್ರಗಳು. ನಾಲ್ಕು ಬಗೆ ಇರಬೇಕಾದ ತುಂಡಿನಲ್ಲಿ ಐದನೆಯದು ಮೊಳೆತರೆ ಬೇರುಸಮೇತ ಕೀಳುವುದು ಅವುಗಳ ಕೆಲಸ. ಇಲ್ಲದಿದ್ದರೆ ಪ್ರಯೋಗದ ಲೆಕ್ಕವೇ ತಪ್ಪುತ್ತದೆ. ಅವುಗಳಿಗೆ ದಿನಾ ನಾವೇ ಹೇಳಬೇಕಿತ್ತು. ನಾನು ಏಡಿಗಳನ್ನು ಸೀದಾ ಆಲಿಕೆಗೆ ಜೋಡಿಸಿಬಿಟ್ಟೆ. ಅಜ್ಜಿ ಹೇಳಿದರೆ ಸಾಕು, ಕೆಲಸ ಆಗಿಬಿಡಬೇಕು!

"ಯೋಚ್ನೆ ಮಾಡಿದ್ದೀಯೇನಮ್ಮ?" ಎಂದು ಓಂಕಾರಯ್ಯ ಸರ್ ಕನ್ನಡಕ ಒರೆಸುತ್ತಾ ಕೇಳಿದರು.

"ಎರಡು ದಿನ ಪರೀಕ್ಷೆ ಮಾಡಿದ್ದೀನಿ ಸರ್."

ಅವರು ಒಪ್ಪಿಗೆಗೆ ಸಹಿ ಹಾಕಿದರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಅದು ಕಡೆಯ ವರ್ಷ. ನವೆಂಬರ್ ಕೊನೆಗೆ ರಾಜಧಾನಿಯಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಹನ್ನೊಂದನೇ ತುಂಡು ಒಂದನೆಯದಕ್ಕಿಂತ ಹೆಚ್ಚು ಮೇವು ಕೊಟ್ಟರೆ ಕಾವಲು ಇದ್ದ ಹಾಗೇ ಇರುತ್ತದೆ. ಕೊಡದಿದ್ದರೆ ಮೂರು ಸಾವಿರ ಎಕರೆಯನ್ನೂ ಉತ್ತು ಏಕಸಿರಿ ಬಿತ್ತಿ, ಸುತ್ತ ಬೇಲಿ. ಮೊದಲ ನಾಲ್ಕು ವರ್ಷ ಒಂದನೆಯದೇ ಮುಂದಿತ್ತು. ಆಮೇಲೆ ಮಳೆ ಕೈಕೊಟ್ಟ ಎರಡು ವರ್ಷ ಹನ್ನೊಂದು ಸ್ವಲ್ಪ ಮುಂದೆ ಬಂದಿತ್ತು. ಅರವತ್ತು ಬಗೆಯಲ್ಲಿ ಯಾವುದೋ ಒಂದಕ್ಕೆ ಬರಗಾಲ ಒಗ್ಗುತ್ತದೆ, ಇನ್ನೊಂದರ ಬೇರು ಆಳಕ್ಕೆ ಹೋಗುತ್ತದೆ, ಮತ್ತೊಂದು ಗಾಳಿಯಿಂದ ಸಾರ ಹಿಡಿದು ಮಣ್ಣಿಗೆ ಕೊಡುತ್ತದೆ. ಒಂದೇ ಇದ್ದದ್ದಕ್ಕೆ ಆಸರೆಗೆ ಯಾರಿದ್ದಾರೆ?

ಇದನ್ನೆಲ್ಲ ನಾನು ಅಂಕಿಯಲ್ಲಿ ಹೇಳುತ್ತಿದ್ದೆ. ಅಜ್ಜಿ ಬೇರೆ ಥರ ಹೇಳಿದ್ದಳು.

"ಕಣ್ ಹೋದ್ರೆ ಹೋಗ್ಲಿ ಕಣವ್ವ. ಈ ಕಾವಲಾಗೆ ನಂಗೆ ಕಣ್ ಬ್ಯಾಡ. ಕಾಲಡಿ ನೆಗ್ಗಿಲು ಚುಚ್ಚಿದ್ರೆ ಬಂಡೆ ಹತ್ರ ಇದೀನಿ ಅಂತ. ತುಂಬೆ ವಾಸ್ನೆ ಬಂದ್ರೆ ಹಳ್ಳದ ದಿಕ್ಕು. ಮಿಡತೆ ಹಾರಿ ಕಾಲಿಗ್ ಬಡಿದ್ರೆ ಹುಲ್ಲು ಚೆಂದಾಗೈತೆ ಅಂತ. ಎಲ್ಲಾ ಕಡೆ ನಿಮ್ ಆ ಒಂಟಿ ಹುಲ್ಲು ಹಾಕ್ಬಿಟ್ರೆ, ಎತ್ತಾಗ್ ತಿರುಗಿದ್ರೂ ಒಂದೇ ವಾಸ್ನೆ, ಒಂದೇ ಸದ್ದು. ಆವಾಗ ನಾನು ನಿಜವಾಗ್ಲೂ ಕುರುಡಿ ಆಯ್ತೀನಿ."

ಆಗಸ್ಟ್ ಮೊದಲ ವಾರ. ಒಳ್ಳೆ ಮಳೆ ಬಿದ್ದಿತ್ತು. ಅಜ್ಜಿ ಬಂದಳು, ಕಂಬಳಿ ಕೊಡವಿ ಕೂತಳು, ಒಂದೊಂದೇ ತುಂಡು ಕೇಳಿದಳು. ಹನ್ನೊಂದಕ್ಕೆ ಬಂದಾಗ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಹನ್ನೊಂದ್ರಾಗೆ ಏನ್ ಕಳೆ ಐತವ್ವ! ಹಿಂಗ್ ಕಳೆ ಇದ್ದಿದ್ದು ನಾನು ಮದುವ್ಯಾಗಿ ಬಂದ್ ವರ್ಸ ಒಂದೇ."

"ದಾಖಲಾಯಿತು" ಅಂದಿತು ಆಲಿಕೆ.

ನನಗೂ ಖುಷಿಯಾಯಿತು. ಆ ಮಧ್ಯಾಹ್ನವೇ ಅಕ್ಕನ ಮಗಳ ತೊಟ್ಟಿಲಿಗೆಂದು ದಾವಣಗೆರೆಗೆ ಹೊರಟೆ. ಬಸ್ಸು ತಿರುವಿನಲ್ಲಿ ಹೊರಳಿದಾಗ ಹನ್ನೊಂದನೇ ತುಂಡಿನ ಕಡೆ ಏಡಿಗಳು ಸಾಲಾಗಿ ಹೋಗುತ್ತಿರುವುದು ಕಂಡಿತು. ಪಾಪ, ಎಷ್ಟು ಶಿಸ್ತು ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ವಾಪಸು ಬಂದರೆ ಹನ್ನೊಂದನೇ ತುಂಡು ಬಾಚಿದ ತಲೆಯ ಹಾಗಿತ್ತು. ಮೂರು ಜಾತಿ ಹುಲ್ಲು ಬಿಟ್ಟು ಉಳಿದ ಐವತ್ತೇಳು ಬಗೆಯೂ ಇಲ್ಲ. ತುಂಬೆ ಇಲ್ಲ, ಉತ್ತರಾಣಿ ಇಲ್ಲ, ವಿಷ್ಣುಕ್ರಾಂತಿಯ ನೀಲಿ ಇಲ್ಲ. ಕಿತ್ತ ಗಿಡಗಳನ್ನೆಲ್ಲ ಏಡಿಗಳು ಅಚ್ಚುಕಟ್ಟಾಗಿ ಕೊಚ್ಚಿ, ಗುಂಡಿಗೆ ಹಾಕಿ, ಮಣ್ಣು ಮುಚ್ಚಿದ್ದವು.

ಓಂಕಾರಯ್ಯ ಸರ್ ಮೂರು ದಿನ ತಾಲ್ಲೂಕು ಸಭೆಯಲ್ಲಿದ್ದವರು, ಅವರೂ ಅವತ್ತೇ ಬಂದು ನೋಡಿದ್ದು. ಕೇಳುಮನೆಗೆ ಬೀಗ ಹಾಕಿದ್ದರಿಂದ ಅಜ್ಜಿಯೂ ಅಷ್ಟು ದಿನ ಬಂದಿರಲಿಲ್ಲ. ಕೇಳುಮನೆಗೆ ಓಡಿ ದಾಖಲೆ ತೆಗೆದೆವು. ಪರದೆಯ ಮೇಲೆ ಒಂದೇ ಸಾಲು: ಆದೇಶ, ಹನ್ನೊಂದನೇ ತುಂಡು, ಕಳೆ ಕೀಳುವುದು. ಆದೇಶ ಕೊಟ್ಟವರು, ಬೀರಮ್ಮ.

"ಅಜ್ಜಿಗೆ ವಯಸ್ಸಾಯ್ತು" ಎಂದರು ಸರ್. "ಯಾವ್ದೋ ತುಂಡಿಗೆ ಹೇಳೋದು ಇದಕ್ಕೆ ಹೇಳಿರ್ಬೇಕು."

ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ಆ ದಿನ ನಾನು ಅಲ್ಲೇ ಕೂತಿದ್ದೆನಲ್ಲ!

ಮಾರನೇ ಬೆಳಗ್ಗೆ ಅಜ್ಜಿ ಬಂದಾಗ ಸರ್ ಮೆತ್ತಗೇ ಕೇಳಿದರು. "ಬೀರಮ್ಮಾರೇ, ಹನ್ನೊಂದ್ರಲ್ಲಿ ಕೀಳೋಕೆ ನೀವೇ ಹೇಳಿದ್ರಂತಲ್ಲ?"

"ಏನ್ ಕೀಳಾಕೆ?"

"ಗಿಡಗಳ್ನ."

ಅಜ್ಜಿ ಕಿವಿಗೆ ಹಾಕಿಕೊಂಡಳು. ಹನ್ನೊಂದನ್ನು ಕೇಳಿದಳು. ಮುಖ ನೆಟ್ಟಗೆ ನನ್ನ ಕಡೆ ತಿರುಗಿತು, ನಾನು ಎಲ್ಲಿ ನಿಂತಿದ್ದೇನೆಂದು ಅವಳಿಗೆ ಹೇಗೆ ಗೊತ್ತಾಯಿತೋ.

"ನಾನು ಹೇಳಿದ್ನಾ ಕೂಸೆ? ನೀನಿದ್ದೆಲ್ಲ."

"ಯಂತ್ರದಲ್ಲಿ ಹಾಗೇ ಬಂದಿದೆ ಅಜ್ಜಿ" ಅಂದೆ.

ಅಜ್ಜಿ ಕಿವಿಯ ತಂತಿ ತೆಗೆದು ಮೇಜಿನ ಮೇಲಿಟ್ಟಳು. ಕಂಬಳಿ ಹೆಗಲಿಗೇರಿಸಿ, ಗೋಡೆ ಸವರಿಕೊಂಡು ಹೊರಗೆ ಹೋದಳು. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ.

ಆಗಸ್ಟ್ ಕೊನೆಗೆ ಸೈನಿಕ ಹುಳು ಬಂತು. ಎಲೆ ತಿನ್ನುವ ಹುಳು, ದಂಡು ಕಟ್ಟಿಕೊಂಡು ಬರುತ್ತದೆ. ಬೇರೆ ವರ್ಷ ಹನ್ನೊಂದನೇ ತುಂಡಿಗೆ ಬಂದು ಎರಡೇ ದಿನಕ್ಕೆ ಇಲ್ಲವಾಗುತ್ತಿತ್ತು. ಏಕೆಂದರೆ ಅಲ್ಲಿ ಸಣ್ಣ ಕಣಜಗಳಿದ್ದವು, ಹುಳುವಿನ ಮೈಯಲ್ಲೇ ಮೊಟ್ಟೆ ಇಡುವಂಥವು. ಆ ಕಣಜ ಕುಡಿಯುವುದು ತುಂಬೆ ಹೂವಿನ ಜೇನು. ತುಂಬೆ ಹೋದರೆ ಕಣಜ ಹೋಗುತ್ತದೆ, ಕಣಜ ಹೋದರೆ ಹುಳುವಿಗೆ ಹಬ್ಬ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದ ಸಂಗತಿ ಇದು. ಈಗ ಕಿವಿಯಲ್ಲಿ ಕೇಳುತ್ತಿತ್ತು. ಕರಕರ, ಕರಕರ, ಅದೊಂದೇ. ಮೇಲಿನ ಸ್ವರವೇ ಇಲ್ಲ.

ಆ ಸಂಜೆ ಅಮ್ಮ ವಿಡಿಯೋ ಕರೆ ಮಾಡಿದಳು. ನಾನು ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಾ ನಿಂತಿದ್ದೆ.

"ಏನೇ ವಿಭಾ, ಊಟ ಗೀಟ ಮಾಡ್ತೀಯೋ ಇಲ್ವೋ?"

"ಮಾಡ್ತೀನಮ್ಮ."

"ಏನ್ ಮಾಡ್ತೀಯೋ! ಕನ್ನಡಿ ನೋಡ್ಕೊಂಡಿದೀಯಾ? ಮುಖದಲ್ಲಿ ಕಳೇನೇ ಇಲ್ಲ."

ಚಾಕು ಕೈಯಲ್ಲೇ ನಿಂತಿತು.

"ಏನಂದೆ ಅಮ್ಮ?"

"ಕಳೆ ಇಲ್ಲ ಅಂದೆ. ತೊಟ್ಟಿಲ ದಿನ ಎಷ್ಟು ಕಳೆಕಳೆಯಾಗಿದ್ದೆ, ಈಗ ನೋಡಿದ್ರೆ... ಯಾಕೇ, ಅಳ್ತಿದೀಯಾ?"

"ಈರುಳ್ಳಿ ಅಮ್ಮ" ಅಂದು ಕರೆ ಕತ್ತರಿಸಿದೆ.

ಮಂಡಕ್ಕಿ ಅಲ್ಲೇ ಬಿಟ್ಟು ಕೇಳುಮನೆಗೆ ಓಡಿದೆ, ಚಪ್ಪಲಿಯೂ ಇಲ್ಲದೆ. ನಿಘಂಟು ತೆರೆದೆ. ನಾನೇ, ಈ ಕೈಯಲ್ಲೇ, ಮಾತಾಡಿದಷ್ಟೇ ವೇಗವಾಗಿ ಬರೆದದ್ದು: ಕಳೆ, ಬೇಡದ ಗಿಡ, ಕ್ರಮ: ಕೀಳುವುದು. ಅಷ್ಟೇ. ಇನ್ನೊಂದು ಅರ್ಥದ ಜಾಗ ಖಾಲಿ. ಕೃಷಿ ಕಾಲೇಜಿನಲ್ಲಿ ನಾಲ್ಕು ವರ್ಷ ಕಳೆ ಎಂದರೆ ಕೀಳುವುದು ಎಂದೇ ಓದಿದವಳು ನಾನು. ವಿಭಾ ಎಂದರೆ ಕಾಂತಿ, ನನ್ನ ಹೆಸರಿನ ಅರ್ಥವೇ ಆ ಇನ್ನೊಂದು ಕಳೆ ಎಂಬುದು ಬೆರಳಿಗೆ ಹೊಳೆದಿರಲಿಲ್ಲ.

ಅಜ್ಜಿ ಹನ್ನೊಂದನೇ ತುಂಡಿನ ಮುಖ ಹೊಳೆಯುತ್ತಿದೆ ಅಂದಿದ್ದಳು. ನನ್ನ ಯಂತ್ರ ಆ ಮುಖವನ್ನು ಕಿತ್ತುಹಾಕಿತ್ತು. ಅರವತ್ತೂ ಬಗೆಗೆ ಜಾಗವಿದ್ದ ತುಂಡಿನಲ್ಲಿ ಬೇಡದ್ದು ಯಾವುದು ಎಂದು ಯಂತ್ರಕ್ಕೆ ಗೊತ್ತಿರಲಿಲ್ಲ. ಅದಕ್ಕೆ ಪಠ್ಯಪುಸ್ತಕದ ಪಟ್ಟಿ ನೋಡಿ, ಮೇವಿನ ಹುಲ್ಲಲ್ಲದ್ದೆಲ್ಲ ಕಳೆ ಎಂದುಕೊಂಡಿತ್ತು.

ಬೆಳಗಾಗುವುದನ್ನೇ ಕಾದು ಹಟ್ಟಿಗೆ ಹೋದೆ. ಬೀರಜ್ಜಿ ಗುಡಿಸಲ ಮುಂದೆ ಕೂತು ಉಣ್ಣೆ ನೂಲುತ್ತಿದ್ದಳು. ಮುಂದೆ ಕುರಿಗಳು, ಐವತ್ತೋ ಅರವತ್ತೋ, ಮಳೆಗೆ ನೆನೆದ ಉಣ್ಣೆಯ ವಾಸನೆ.

"ಯಾರು? ಇಬಾನಾ?" ವಿಭಾ ಎನ್ನುವುದು ಅವಳ ಬಾಯಲ್ಲಿ ಎಂದೂ ಹೊರಳಿರಲಿಲ್ಲ.

"ಹೂಂ ಅಜ್ಜಿ." ಕುಳಿತೆ. ಹೇಗೆ ಶುರು ಮಾಡುವುದೋ ತಿಳಿಯದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನಿಘಂಟು, ಎರಡು ಅರ್ಥ, ಏಡಿ, ಜೋಡಿಸಿದ್ದು. "ತಪ್ಪು ನಿಂದಲ್ಲ ಅಜ್ಜಿ. ನಂದು. ಅವತ್ತು ಸರ್ ಕೇಳ್ದಾಗ ನಾನು ಸುಮ್ನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು."

ಅಜ್ಜಿಯ ಕದಿರು ನಿಂತಿತು. ನಾನು ಬೈಗುಳಕ್ಕೆ ಕಾದೆ. ಅಜ್ಜಿಯ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದಳು!

"ಅಲ್ಲ ಕಣೆ, ಹಸೆ ಮೇಲೆ ಕೂತ ಮದುವಣಗಿತ್ತೀನ ನೋಡಿ, ಏನ್ ಕಳೆ ಐತವ್ವ ಅಂದ್ರೆ ನಿನ್ ಏಡಿ ಹೋಗಿ ತಲೆಕೂದ್ಲು ಕೀಳ್ತಿತ್ತಲ್ಲೇ!"

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಹದಿನೈದ್ ದಿನ ನಾನೇನಂದ್ಕಂಡಿದ್ದೆ ಗೊತ್ತಾ?" ಅಂದಳು, ನಗು ಇಳಿದ ಮೇಲೆ. "ಕಣ್ ಹೋಯ್ತು, ಈಗ ಬುದ್ಧೀನೂ ಹೋಯ್ತು, ಬಾಯಾಗೆ ಏನ್ ಬತ್ತೈತೋ ನಂಗೇ ಗೊತ್ತಾಗ್ತಿಲ್ಲ ಅಂತ. ಕುರಿ ಲೆಕ್ಕಾನೂ ಎರಡೆರಡ್ ಸಲ ಮಾಡ್ತಿದ್ದೆ."

ಅವಳ ಮೊಣಕಾಲಿನ ಮೇಲೆ ಹಣೆ ಇಟ್ಟೆ. ಕಂಬಳಿಯಿಂದ ಏನೋ ಚುಚ್ಚಿತು.

"ಕೀಳೋಕ್ ಮುಂಚೆ ಕೇಳ್ಬೇಕು ಕೂಸೆ" ಅಂದಳು ಅಜ್ಜಿ ನನ್ನ ತಲೆ ಸವರುತ್ತಾ. "ಅಷ್ಟ್ ದೊಡ್ಡ ಕಿವಿ ಮಾಡೀರಿ, ಒಂದ್ ಮಾತು ಕೇಳ್ಳಿಲ್ವಲ್ಲ ಅದು. ಯಾವ್ ಕಳೆ ಅಜ್ಜಿ ಅಂತ."

ಹಣೆಗೆ ಚುಚ್ಚಿದ್ದನ್ನು ಕಿತ್ತು ನೋಡಿದೆ. ಉತ್ತರಾಣಿ ಬೀಜ. ಕಂಬಳಿ ತುಂಬ ಅದೇ: ಉತ್ತರಾಣಿ, ಮುಳ್ಳುಹುಲ್ಲಿನ ಕೊಕ್ಕೆ, ನೆಗ್ಗಿಲು, ಹೆಸರು ಗೊತ್ತಿಲ್ಲದ ಇನ್ನೇನೇನೋ.

"ಅಜ್ಜಿ, ಕುರಿ ಈಗ ಎಲ್ಲಿ ಮೇಯ್ತವೆ?"

"ಕೆರೆ ಏರಿ, ಹಳ್ಳದ ದಂಡೆ, ಬಂಡೆ ಸಂದಿ. ಎಲ್ಲಾ ಕಡೆ." ನನ್ನ ತಲೆಯಲ್ಲಿ ಓಡುತ್ತಿದ್ದುದು ಅವಳಿಗೆ ಕೇಳಿಸಿತೇನೋ. "ಮಂದೆ ನಿಲ್ಸಾನಾ?"

ನಮ್ಮ ಕಡೆ ಹೊಲ ಇದ್ದವರು ಕುರಿಯವರನ್ನು ಕರೆದು ಕೆಲವು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆ, ಗಂಜಲ ಬಿದ್ದು ನೆಲಕ್ಕೆ ಸತ್ವ ಬರಲಿ ಎಂದು. ಆದರೆ ಹಿಕ್ಕೆಯಲ್ಲಿ ಸತ್ವವಷ್ಟೇ ಇರುವುದಿಲ್ಲ, ಕುರಿ ಮೇದ ಗಿಡದ ಬೀಜವೂ ಇರುತ್ತದೆ. ಹೊಟ್ಟೆಯೊಳಗೆ ಹಾಯ್ದು ಬಂದರೂ ಸಾಯದ ಬೀಜ. ಹಗಲು ಕೆರೆ ಏರಿಯಲ್ಲಿ ಮೇದದ್ದು ಬೆಳಗಾಗುವಷ್ಟರಲ್ಲಿ ಹನ್ನೊಂದನೇ ತುಂಡಿನಲ್ಲಿ!

ಓಂಕಾರಯ್ಯ ಸರ್ ಮೊದಲು ಒಪ್ಪಲಿಲ್ಲ.

"ಪ್ರಯೋಗದ ತುಂಡಿಗೆ ಕುರಿ ಹೊಡೀತೀನಿ ಅಂತೀಯಲ್ಲಮ್ಮ!"

"ಹಳೇ ಕಾವಲಿಗೆ ಮೊದಲಿನಿಂದ್ಲೂ ಬೀಜ ತಂದು ಹಾಕಿದ್ದೇ ಕುರಿ ಅಲ್ವಾ ಸರ್? ಬೇಲಿ ಹಾಕಿ ಅವನ್ನ ಹೊರಗಿಟ್ಟಿದ್ದು ನಾವು."

ಅವರು ದನಿ ತಗ್ಗಿಸಿ, "ನಿಲ್ಸು. ಆದ್ರೆ ವರದಿಯಲ್ಲಿ ಏನ್ ಬರೀತೀಯ? ತಾಂತ್ರಿಕ ತೊಂದರೆ ಅಂತ ಬರೆದ್ಬಿಡು. ನಿನ್ನ ಹೆಸ್ರು ಬೇಡ. ಇನ್ನೂ ಚಿಕ್ಕೋಳು ನೀನು."

"ಹಾಗೆ ಬರೆದ್ರೆ ಅರವತ್ತು ಬಗೆ ಇದ್ದ ತುಂಡು ತಾನಾಗೇ ಸೋತ ಹಾಗಾಗುತ್ತೆ ಸರ್. ಅಜ್ಜಿ ಹೆಸರಲ್ಲಿ ಆದೇಶಾನೂ ಹಾಗೇ ಉಳಿಯುತ್ತೆ. ನಾನು ಇದ್ದಿದ್ದು ಇದ್ದ ಹಾಗೇ ಬರೀತೀನಿ."

ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಸರಿ. ಬರಿ. ಕೆಳಗೆ ನನ್ನ ಸಹೀನೂ ಇರ್ಲಿ. ಜೋಡ್ಸು ಅಂತ ಒಪ್ಪಿಗೆ ಕೊಟ್ಟೋನು ನಾನೇ ಅಲ್ವಾ?" ಎಂದರು. ಬಾಗಿಲ ತನಕ ಹೋಗಿ ತಿರುಗಿ, "ಬೀರಮ್ಮಾರ ಹತ್ರ ನಾನೇ ಹೋಗಿ ಮಾತಾಡ್ಬೇಕು" ಎಂದರು. ಅವತ್ತೇ ಹೋದರು.

ಸೆಪ್ಟೆಂಬರಿನಲ್ಲಿ ಒಂಬತ್ತು ರಾತ್ರಿ ಮಂದೆ ನಿಂತಿತು. ಒಂಬತ್ತು ಬೆಳಗ್ಗೆಯೂ ಅಜ್ಜಿ ಬೇಲಿಯ ಬಾಗಿಲಲ್ಲಿ ನಿಂತು ಕುರಿಗಳ ಬೆನ್ನು ಸವರಿ ಸವರಿ ಎಣಿಸಿ ಹೊರಗೆ ಬಿಟ್ಟಳು. ಕಡೆಯ ದಿನ ಕಂಬಳಿ ತೆಗೆದು ನೆಲಕ್ಕೆ ಹಾಸಿ, "ಒಂದ್ ಕಡೆ ಹಿಡಿ" ಅಂದಳು. ಇಬ್ಬರೂ ಸೇರಿ ಇಡೀ ತುಂಡಿನ ಮೇಲೆ ಆ ಕಂಬಳಿಯನ್ನು ಎಳೆದುಕೊಂಡು ನಡೆದೆವು, ಮಗುವಿಗೆ ಹೊದಿಸಿ ತೆಗೆದು ಹೊದಿಸಿದ ಹಾಗೆ.

ಆಮೇಲೆ ಕೆಲಸವೆಂದರೆ ಕೇಳುವುದು. ಅಜ್ಜಿ ಮತ್ತೆ ಏಳಕ್ಕೆ ಬರತೊಡಗಿದಳು. ಮೊದಲು ಬಂದದ್ದು ಸಗಣಿಹುಳು, ಕೆಳಗಿನ ಸ್ವರದಲ್ಲಿ ಗುರುಗುರು. "ಇವ್ರು ಮನೆ ಕಟ್ಟೋರು, ಮೊದ್ಲು ಬರ್ಬೇಕಾದೋರೇ" ಅಂದಳು. ಎರಡು ವಾರಕ್ಕೆ ಮೊಳಕೆ. ನಾನು ಮಂಡಿಯೂರಿ ಎಣಿಸಿದೆ: ಹನ್ನೊಂದು ಬಗೆ, ಹತ್ತೊಂಬತ್ತು, ಮೂವತ್ತೆರಡು. ಮಿಡತೆ ಬಂತು. ಜೇಡ ಬಂತು. ಒಂದು ದಿನ ನೆಲಗುಬ್ಬಿ ಜೋಡಿ ಬಂದು ಸುತ್ತು ಹೊಡೆದು ಹೋಯಿತು. ಅತ್ತ ಅಜ್ಜಿಯ ಬೆಳಕು ದಿನದಿನಕ್ಕೂ ಇಳಿಯುತ್ತಿತ್ತು. ಅಕ್ಟೋಬರಿನಲ್ಲಿ ಕೇಳುಮನೆಯ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಕೈಯಲ್ಲಿ ಮುಟ್ಟಿ ನೋಡುತ್ತಿದ್ದಳು.

ಕಣಜ ಮಾತ್ರ ಬರಲಿಲ್ಲ. ಹುಳು ಕರಕರ ಎನ್ನುತ್ತಲೇ ಇತ್ತು.

"ತಿನ್ನೋರು ಅವ್ರೆ. ತಿನ್ನೋರ್ನ ತಿನ್ನೋರು ಬರ್ಬೇಕು" ಅನ್ನುತ್ತಿದ್ದಳು ಅಜ್ಜಿ. "ತುಂಬೆ ಹೂ ಬಿಡ್ಲಿ ತಡಿ."

ಈ ನಡುವೆ ನಾನು ನಿಘಂಟನ್ನು ಮೊದಲಿನಿಂದ ಓದಿದೆ, ನಿಧಾನವಾಗಿ, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಎರಡು ಸಾವಿರದಲ್ಲಿ ಇನ್ನೂರಕ್ಕೂ ಹೆಚ್ಚು ಪದಗಳಿಗೆ ನಾನು ಬರೆದಿರದ ಇನ್ನೊಂದು ಅರ್ಥವಿತ್ತು. ಏಡಿಗಳ ಜೋಡಣೆ ಬಿಚ್ಚಿದೆ. ಆಲಿಕೆಗೆ ಒಂದೇ ಒಂದು ಹೊಸ ನಿಯಮ ಬರೆದೆ. ಎರಡರ್ಥದ ಮಾತು ಬಂದರೆ ಏನೂ ಮಾಡಬೇಡ, ಮೊದಲು ಕೇಳು.

ಅಕ್ಟೋಬರ್ ಕೊನೆಯ ಒಂದು ಬೆಳಗ್ಗೆ ಅಜ್ಜಿ ಇದ್ದಕ್ಕಿದ್ದ ಹಾಗೆ ಕೈಯೆತ್ತಿದಳು.

"ತಡಿ."

ನಾನೂ ಕಿವಿಗೆ ಹಾಕಿಕೊಂಡೆ. ಏನೂ ಇಲ್ಲ. ಪರದೆಯಲ್ಲೂ ಏನೂ ಇಲ್ಲ.

"ಹಳ್ಳದ ಕಡೆ ಮೂಲೆ. ಕೂದ್ಲೆಳೆಯಂಗೆ ಒಂದು ದನಿ. ಜುಂಯ್ ಅಂತೈತೆ."

ಓಡಿದೆ. ಮೂಲೆಯಲ್ಲಿ ಒಂದೇ ಒಂದು ತುಂಬೆಗಿಡ, ಮೂರು ಬಿಳಿ ಹೂವು, ಅದರ ಮೇಲೆ ಸೊಳ್ಳೆಗಿಂತ ಚಿಕ್ಕ ಕಣಜ. ನಾನು ನೋಡುತ್ತಿದ್ದಂತೆ ಅದು ಪಕ್ಕದ ಎಲೆಯ ಹುಳುವಿನ ಬೆನ್ನ ಮೇಲೆ ಇಳಿಯಿತು.

ನವೆಂಬರ್ ಕೊನೆಗೆ ಸಮಿತಿಯ ಮೂವರು ಬಂದರು. ಮುಖ್ಯಸ್ಥೆ ಒಬ್ಬ ಹಿರಿಯ ಅಧಿಕಾರಿ, ಬಿಳಿಗೂದಲು, ನಿಧಾನದ ಮಾತು. ಕೊಯ್ಲು ತೂಗಿದೆವು. ಹನ್ನೊಂದನೇ ತುಂಡು ಒಂದನೆಯದಕ್ಕಿಂತ ಐದರಲ್ಲೊಂದು ಭಾಗ ಕಡಿಮೆ.

"ಕಡಿಮೆ ಇದೆಯಲ್ಲಮ್ಮ" ಎಂದರು ಅವರು.

"ಹೌದು ಮೇಡಂ. ಯಾಕೆ ಅಂತ ವರದಿಯ ಮೊದಲ ಪುಟದಲ್ಲಿದೆ."

ಓದಿದರು. ಓದುತ್ತಾ ಒಮ್ಮೆ ನನ್ನನ್ನು, ಒಮ್ಮೆ ಸರ್ ಅನ್ನು, ಒಮ್ಮೆ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜಿಯನ್ನು ನೋಡಿದರು. ನಾನು ಅವರಿಗೆ ಮೂರು ಸದ್ದು ಕೇಳಿಸಿದೆ. ಜುಲೈನದು, ಸಂತೆ. ಆಗಸ್ಟ್ ಕೊನೆಯದು, ಕರಕರ. ಆ ದಿನ ಬೆಳಗಿನದು, ಪೂರ್ತಿ ಸಂತೆಯಲ್ಲ, ಅಂಗಡಿಗಳು ಒಂದೊಂದಾಗಿ ಬಾಗಿಲು ತೆಗೆಯುತ್ತಿರುವ ಹೊತ್ತಿನ ಸಂತೆ.

"ಅದೇ ಮಣ್ಣು, ಅದೇ ಮಳೆ ಮೇಡಂ. ಬಗೆ ಹೋಯ್ತು, ಮೇವೂ ಹೋಯ್ತು. ಬಗೆ ವಾಪಸ್ ಬಂತು, ಮೇವು ಏರ್ತಾ ಇದೆ. ಬೇಕೂ ಅಂತ ಇಂಥ ಪ್ರಯೋಗ ಮಾಡೋಕೆ ನಮಗೆ ಯಾರೂ ಒಪ್ಪಿಗೆ ಕೊಡ್ತಿರಲಿಲ್ಲ. ನನ್ನ ತಪ್ಪು ಮಾಡ್ಬಿಡ್ತು."

ಅವರು ಬಹಳ ಹೊತ್ತು ಮೂರನೇ ಸದ್ದನ್ನೇ ಕೇಳಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ, "ನಿಮಗೇನನ್ಸುತ್ತೆ ಅಮ್ಮ?"

"ನನ್ನೇನ್ ಕೇಳ್ತೀರಿ ತಾಯಿ, ಕಾವಲ್ನ ಕೇಳ್ರಿ. ಇನ್ನೆರಡ್ ಮಳೆ ಕೇಳ್ರಿ. ಉಳೋದೇನು, ಯಾವಾಗ್ ಬೇಕಾರೂ ಉಳಬೌದು. ಉತ್ತ ಮ್ಯಾಲೆ ಕೇಳಾಕೆ ಏನಿರ್ತೈತೆ?"

ಎರಡು ವರ್ಷ ಕೊಟ್ಟರು. ಅಲ್ಲಿಯ ತನಕ ಕಾವಲಿಗೆ ನೇಗಿಲಿಲ್ಲ, ಬೇಲಿಯಿಲ್ಲ. ನನಗೊಂದು ಎಚ್ಚರಿಕೆಯ ಪತ್ರವನ್ನೂ ಕೊಟ್ಟರು. ಮಡಿಸಿ ನಿಘಂಟಿನ ಹಸ್ತಪ್ರತಿಯೊಳಗೆ ಇಟ್ಟುಕೊಂಡಿದ್ದೇನೆ.

ಅವರ ಗಾಡಿ ಹೋದ ಮೇಲೆ ಅಜ್ಜಿ ಹನ್ನೊಂದನೇ ತುಂಡಿಗೆ ಕರೆದುಕೊಂಡು ಹೋಗು ಅಂದಳು. ಇಳಿಬಿಸಿಲು. ಕೈ ಹಿಡಿಯಲು ಹೋದೆ, ಕೊಡವಿಕೊಂಡಳು. ಬೇಲಿ ಬಾಗಿಲು ದಾಟಿ, ಒಬ್ಬಳೇ, ಬರಿಗಾಲಲ್ಲಿ, ಹಳ್ಳದ ಕಡೆ ಮೂಲೆಗೆ ನೆಟ್ಟಗೆ ನಡೆದಳು. ಒಂದು ಮಿಡತೆ ಹಾರಿ ಕಾಲಿಗೆ ಬಡಿಯಿತು. ನಿಂತು ನಕ್ಕಳು.

"ಇಬಾ, ಬಾ ಇಲ್ಲಿ."

ಹೋದೆ. ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು, ಹಣೆ, ಕೆನ್ನೆ, ಗಲ್ಲ ಎಲ್ಲ ಸವರಿದಳು. ಅಂಗೈಗೆ ತುಂಬೆಯ ವಾಸನೆಯಿತ್ತು.

"ಈಗ ಕಳೆ ಬಂತು ನೋಡು" ಅಂದಳು.

ಕಾಲ ಬಳಿಯ ಕಿವಿಮೊಳೆಯ ಹಸಿರು ದೀಪ ಮಿಣುಕಿತು. ಆಲಿಕೆಯ ದನಿ, ಸ್ವಲ್ಪ ಅಂಜುತ್ತಲೇ ಬಂದಂತೆ:

"ಯಾವ ಕಳೆ ಅಜ್ಜಿ? ಕೀಳುವುದೋ, ಉಳಿಸುವುದೋ?"

ಅಜ್ಜಿ ನನ್ನ ಮುಖ ಬಿಡಲಿಲ್ಲ.

"ಕೇಳ್ತಲ್ಲೇ ಅದು!" ಅಂದಳು, ಮೊದಲ ಮಾತಾಡಿದ ಮೊಮ್ಮಗುವಿನ ಬಗ್ಗೆ ಹೇಳುವಂತೆ. ಆಮೇಲೆ ಬಗ್ಗಿ ಕಿವಿಮೊಳೆಯ ತಲೆ ಸವರಿ ಹೇಳಿದಳು: "ಉಳ್ಸೋದು ಕಣಪ್ಪ. ಎರಡೂನೂವೆ."